ರೊಟ್ಟಿ ಗಂಟಿನ ಕೆಳಗಿನ ಲ್ಯಾಪ್‌ಟಾಪ್

ಅಕ್ಕೋರ ಲ್ಯಾಪ್‌ಟಾಪನ್ನು ನಾನು ಮೊದಲ ಸಲ ನೋಡಿದ್ದು ರೊಟ್ಟಿ ಗಂಟಿನ ಕೆಳಗೆ. ಅವರು ನಮ್ಮ ಮನೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದು ಒಂದು ವಾರವಾಗಿರಬೇಕು. ಬೆಳಿಗ್ಗೆ ಇರಕಲ್ಲಗಡದ ಬಸ್ಸಿಗೆ ಓಡುವ ಅವಸರದಲ್ಲಿ ಅವರ ಕೈಚೀಲ ನಮ್ಮ ಕಟ್ಟೆಯ ಮೇಲೆ ವಾಲಿ ಬಿತ್ತು. ರೊಟ್ಟಿ ಕಟ್ಟಿದ ಅರಿವೆ, ಶೇಂಗಾ ಚಟ್ನಿಯ ಡಬ್ಬಿ ಉರುಳಿದವು. ಅವುಗಳ ಕೆಳಗೆ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ್ದ ಸಾಮಾನೊಂದು ಬೆಳ್ಳಿ ತಟ್ಟೆಯ ಹಾಗೆ ಮೂಲೆ ತೋರಿಸಿತು. ಬೆಲೆಯುಳ್ಳದ್ದನ್ನು ಮಂದಿ ಮೇಲಿಡುತ್ತಾರೆ, ಊಟ ಕೆಳಗಿಡುತ್ತಾರೆ. ಬೆಲೆಯುಳ್ಳದ್ದರ ಮೇಲೆ ರೊಟ್ಟಿ ಹೇರುವವರು ಅದನ್ನು ಮುಚ್ಚಿಡುವವರೇ. ಅಂದೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಹೆಸರು ಇತ್ತು, ಬರೆಯುವುದಿಲ್ಲ. ಈಗ ಅವರಿಗೆ ಕಾಯಂ ನೌಕರಿ ಸಿಕ್ಕು ಹೋಗಿದ್ದಾರೆ; ಯಾವ ಊರಿಗೆ ಎಂಬುದನ್ನೂ ಬರೆಯುವುದಿಲ್ಲ. ಇರಕಲ್ಲಗಡ ಅಂದೆನಲ್ಲ, ಅದು ನಿಜವಾದ ಊರು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಖೋಲಿ ನೋಡಲು ಬಂದವರು, ಮೊದಲಿದ್ದವರು ಹೆಂಗಿದ್ರು ಎಂದು ಕೇಳುತ್ತಾರೆ. ಛಲೋ ಇದ್ರು ಅನ್ನುತ್ತೇನೆ. ಅವರು ಮೆಟ್ಟಿಲಿಳಿದು ಹೋದ ಮೇಲೆ, ಅಷ್ಟು ಹೇಳಿದ್ದು ಸಾಲಲಿಲ್ಲ ಅನಿಸುತ್ತದೆ.

ನಾನು ಅನುಮಾನದ ಹೆಂಗಸು. ಹಾಲಿನ ಹನಿಯನ್ನು ಉಗುರಿನ ಮೇಲಿಟ್ಟು ನೋಡಿಯೇ ಪಾತ್ರೆಗೆ ಹಾಕಿಸಿಕೊಳ್ಳುವವಳು. ಗುಡಿಗೆ ಹೋದರೆ ಒಂದು ಚಪ್ಪಲಿ ಈ ಕಡೆ, ಇನ್ನೊಂದು ಆ ಕಡೆ ಬಿಡುವವಳು. ಹುಲಿಗೆಮ್ಮ ತಾಯಿಯ ಮೇಲೆ ಮಾತ್ರ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಆಕೆ ಅಂದು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸಿ ಕೈ ಮುಗಿಯುತ್ತೇನೆ. ನಳಕ್ಕೆ ನೀರು ಬಂತು. ಸಿಲಿಂಡರ್ ಹಬ್ಬ ದಾಟಿತು. ಅತ್ತೆ ಜಗಳವಿಲ್ಲದೆ ಉಂಡರು. ಇವೂ ಒಂದು ಕರುಣೆಯೇ ಎಂದು ನಗುವವರಿದ್ದಾರೆ. ನಗಲಿ, ಅವರ ನಳ ಒಂದು ದಿನ ಬರದಿರಲಿ, ಆಮೇಲೆ ನೋಡೋಣ.

ಅಕ್ಕೋರಲ್ಲಿ ಅನುಮಾನಕ್ಕೆ ಬೇಕಾದಷ್ಟು ಇತ್ತು. ನಲವತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ತಾಳಿ, ಜೊತೆಗೆ ಯಾರೂ ಇಲ್ಲ. ಯಜಮಾನರು ಎಲ್ಲಿದ್ದಾರೆ ಎಂದರೆ "ದೂರ ಅದಾರ್ರಿ" ಎಂದು ಒಂದೇ ಮಾತು. ಎಷ್ಟು ದೂರ ಎಂದು ಕೇಳುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಬಾಡಿಗೆ ಮಾತಾಡುವಾಗ ಗಂಡನ ಫೋನ್ ನಂಬರ್ ಕೇಳಿದರೆ ಗಂಗಾವತಿಯಲ್ಲಿರುವ ಅಣ್ಣನದು ಕೊಟ್ಟರು. ಓಣಿಯಲ್ಲಿ ಗಾಡಿ ನಿಂತ ಸದ್ದಾದರೆ ಮಾಳಿಗೆಯ ಗೋಡೆಯ ಹಿಂದಿನಿಂದ ಅರ್ಧ ಮುಖ ಹೊರಹಾಕಿ ನೋಡಿ, ನಮ್ಮ ಮನೆಯವರದೇ ಗಾಡಿ ಎಂದು ಖಾತ್ರಿಯಾದ ಮೇಲೆ ಒಳಗೆ ಹೋಗುತ್ತಿದ್ದರು. ನಮ್ಮ ಮನೆಯವರು ಹಿಟ್ನಾಳ ಕ್ರಾಸಿನ ಗ್ಯಾರೇಜಿನಲ್ಲಿ ದುಡಿಯುತ್ತಾರೆ. ದಿನಕ್ಕೊಂದು ಗಿರಾಕಿಯ ಗಾಡಿ ತರುವುದರಿಂದ ಅಕ್ಕೋರಿಗೆ ಈ ಕೆಲಸ ತಪ್ಪುತ್ತಲೇ ಇರಲಿಲ್ಲ.

ಒಂದು ಭಾನುವಾರ ಮಂಡಕ್ಕಿ ಒಗ್ಗರಣೆ ಮಾಡಿ, ನಾಲ್ಕು ಮಿರ್ಚಿ ಕರಿದು, ತಟ್ಟೆ ಹಿಡಿದು ಮೇಲೆ ಹೋದೆ. ತಿನ್ನಿಸುವ ನೆವ, ನೋಡುವ ಕೆಲಸ. ಅಕ್ಕೋರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಯಾವಾಗಲೂ ಹಾಗೆಯೇ. ತೊಡೆಯ ಮೇಲೆ ಆ ಬೆಳ್ಳಿ ತಟ್ಟೆ ತೆರೆದಿತ್ತು. ಅದರ ಮುಚ್ಚಳದ ನಡುವೆ, ಕಂಪನಿಯ ಗುರುತು ಇರುವ ಜಾಗದಲ್ಲೇ, ಹುಲಿಗೆಮ್ಮನ ಚಿತ್ರ ಅಂಟಿಸಿದ್ದರು. ಮೊದಲು ಭಕ್ತಿ ಅನಿಸಿತು. ಆಮೇಲೆ, ದೇವಿಯನ್ನು ಅಡ್ಡ ಹಿಡಿದು ಏನು ಮುಚ್ಚಿದ್ದಾರೋ ಅನಿಸಿತು. ಬಗ್ಗಿ ನೋಡಿದರೆ ಪರದೆ ಪೂರ್ತಿ ಕಪ್ಪು; ಅದರ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ತಾವೇ ಓಡುತ್ತಿದ್ದವು.

"ಏನ್ರಿ ಅಕ್ಕೋರ ಇದು, ಕೆಟ್ಟೈತೇನು?"

"ಇಲ್ರಿ ವೈನಿ. ಹೊಸಾದು ತುಂಬ್ಕೊಳ್ಳಾಕತ್ತೈತಿ." ನನ್ನ ಮೈದುನ ಕರೆಯುವುದನ್ನು ಕೇಳಿ ಅವರೂ ನನ್ನನ್ನು ವೈನಿ ಅನ್ನುತ್ತಿದ್ದರು.

"ತಾನ ಓಡಾಕತ್ತೈತಲ್ರಿ."

"ಹೇಳಿದ್ದಷ್ಟ ಓಡತೈತಿ. ಮೊದಲಾದ್ರ ಹೇಳದಿದ್ದೂ ಓಡ್ತಿತ್ತು. ಕಂಪನಿಯವರು ಹಾಕಿ ಕೊಟ್ಟಿದ್ದನ್ನ ಎಲ್ಲಾ ಅಳಿಸೀನ್ರಿ. ಬ್ಯಾರೆದು ಹಾಕೀನಿ. ಲಿನಕ್ಸ್ ಅಂತಾರ."

"ಅದು ಇನ್ನೂ ತುಟ್ಟಿದೇನ್ರಿ?"

"ಪುಕ್ಕಟ ಸಿಗತೈತಿ."

ಮಿರ್ಚಿ ತಿನ್ನುತ್ತಾ ಎಷ್ಟು ಸಹಜವಾಗಿ ಹೇಳಿದರು. ನನಗೆ ಸಹಜ ಕಾಣಲಿಲ್ಲ. ಬೆಳ್ಳಿ ಗಿಂಡಿಯೊಳಗಿನ ಹಾಲು ಚೆಲ್ಲಿ ಯಾರಾದರೂ ಪುಕ್ಕಟೆ ನೀರು ತುಂಬಿಕೊಳ್ಳುತ್ತಾರೆಯೇ? ಕೇಳಿಯೇ ಬಿಟ್ಟೆ. ಅವರು ಕೈ ಒರೆಸಿಕೊಂಡು, ಎಮ್ಮೆಕರುವಿನ ಬೆನ್ನು ತಟ್ಟುವ ಹಾಗೆ ಆ ಮುಚ್ಚಳವನ್ನು ಎರಡು ಸಲ ತಟ್ಟಿ, "ನಮ್ಮ ಸಾಮಾನು ನಮ್ಮ ಮಾತಷ್ಟ ಕೇಳಬೇಕ್ರಿ ವೈನಿ" ಅಂದರು. ಅದು ಅವರು ಆಗಾಗ ಆಡುವ ಮಾತು. ಸ್ಟವ್ ಹೊಗೆಯಾಡಿದರೂ, ಛತ್ರಿ ಮಡಚಿಕೊಳ್ಳದಿದ್ದರೂ ಅದೇ ಮಾತು.

ನನ್ನ ಮೈದುನನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇದೆ. ಅಂದು ಊಟಕ್ಕೆ ಬಂದವನಿಗೆ ಕಂಡದ್ದೆಲ್ಲ ಹೇಳಿದೆ. ಅವನು ತುತ್ತು ತಟ್ಟೆಯಲ್ಲೇ ಇಟ್ಟ.

"ವೈನಿ, ಅದು ಕಳವಿನ ಮಾಲು. ಕದ್ದವ ಮೊದಲ ಮಾಡೂ ಕೆಲಸ ಏನು? ಹಳೇ ಮಾಲಕನ ಗುರ್ತು ಅಳಸೂದು, ಬ್ಯಾರೆದು ತುಂಬೂದು. ದನಾ ಕದ್ದವ ಕೋಡಿನ ಬಣ್ಣ ಬದಲಿ ಮಾಡಿದಂಗ."

"ಕೆಟ್ಟಿರಬೇಕಪ್ಪಾ, ಅದಕ್ಕ ಬದಲಿ ಮಾಡ್ಯಾರ."

"ಕೆಟ್ರ ಕಂಪನಿಯವರ ಹತ್ರ ಒಯ್ಯಬೇಕು. ಒಯ್ಯಾಕ ಬಿಲ್ ಬೇಕು. ಅತಿಥಿ ಶಿಕ್ಷಕಿ ಪಗಾರದಾಗ ಅದರ ಮುಚ್ಚಳಾನೂ ಬರಂಗಿಲ್ಲ. ಅಂಥಾದು ಈಕಿ ಕೈಯಾಗ ಹೆಂಗ ಬಂತು? ನೀವ ಹೇಳ್ರಿ."

ನಮ್ಮ ಮನೆಯವರು ಮಾತು ಕಡಿಮೆ ಆಡುವವರು. ಆಡಿದರೆ ಅದು ತೀರ್ಪೇ. "ಪೊಲೀಸರು ಬಂದ್ರ ಮೊದಲ ಮನಿ ಮಾಲಕನ ಹೆಸರ ಕೇಳ್ತಾರ. ಹಬ್ಬ ಮುಗೀಲಿ, ಖೋಲಿ ಬಿಡಾಕ ಹೇಳು" ಅಂದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಕೆಲಸಗಳು ನನ್ನ ಪಾಲಿಗೇ ಬರುತ್ತವೆ. ಮಹಾನವಮಿ ಇನ್ನೇನು ಹತ್ತಿರವಿತ್ತು. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡುವವರು ಕೊಪ್ಪಳದಲ್ಲಿ ಎಷ್ಟು ಜನ ಎಂಬುದೂ ನನಗೆ ಗೊತ್ತಿತ್ತು.

ಒಳಗೆ ಮಲಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ನನ್ನನ್ನು ಕರೆದು, "ಬಿಡಾಕ ಹೇಳೂಕಿಂತ ಮೊದಲ ಒಂದ ಕೆಲಸ ಮಾಡು" ಅಂದರು. "ಖಂಡೇ ಪೂಜಿಗಿ ಅದನ್ನ ಕೆಳಗ ತರಾಕ ಹೇಳು. ಕಳವಿನ ಸಾಮಾನು ಪೂಜಿಗಿ ಇಡಬಾರದು. ಇಟ್ರ ಇಟ್ಟವರ ಮ್ಯಾಲ ತಿರುಗಿ ಬೀಳತೈತಿ. ಆಕಿ ಹಳ್ಳ್ಯಾಗ ಬೆಳದಾಕಿ, ಇದು ಗೊತ್ತಿರತೈತಿ. ಇಡತಾಳೋ ಇಲ್ಲೋ ನೋಡು."

ಮಹಾನವಮಿಯ ದಿನ ನಮ್ಮಲ್ಲಿ ದುಡಿಯುವ ಸಾಮಾನುಗಳೆಲ್ಲ ದೇವರ ಮುಂದೆ ಕೂಡುತ್ತವೆ. ಖಂಡೇ ಪೂಜೆ ಎಂದರೆ ಅದೇ. ನಮ್ಮ ಮನೆಯವರ ನಟ್ಟು ಬಿಚ್ಚುವ ಪಾನಾಗಳು, ಮೈದುನನ ಸಣ್ಣ ಸ್ಕ್ರೂಡ್ರೈವರ್‌ಗಳು, ನನ್ನ ಈಳಿಗೆ ಮಣೆ, ಅತ್ತೆ ಹೊಲಕ್ಕೆ ಹೋಗುತ್ತಿದ್ದ ಕಾಲದ, ಕಳೆ ತೆಗೆಯುವ ಕುರ್ಪಿ. ಪೂಜೆಗೆ ಕೂತ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದಕ್ಕೊಂದು ದಿನ ಸೂಟಿ. ಅಂದು ನಾನು ಕಾಯಿಪಲ್ಲೆ ಕೈಯಿಂದಲೇ ಮುರಿದು ಹಾಕುತ್ತೇನೆ.

ಆ ದಿನ ಬೆಳಿಗ್ಗೆ ಮೇಲೆ ಹೋಗಿ ಹೇಳಿದೆ. "ಅಕ್ಕೋರ, ನಿಮ್ಮ ಲ್ಯಾಪ್‌ಟಾಪೂ ತರ್ರಿ. ಅದೂ ದುಡಿಯೂ ಸಾಮಾನ ಅಲ್ಲೇನು."

ಅಕ್ಕೋರ ಮುಖ ಬದಲಾಯಿತು. "ಇವತ್ತ ಬ್ಯಾಡಾಗಿತ್ರಿ ವೈನಿ" ಅಂದರು.

ಇಷ್ಟು ದಿನ ಅನುಮಾನ ಪಟ್ಟವಳಿಗೆ ಅದು ನಿಜವಾಗುವ ಹೊತ್ತಿನಲ್ಲಿ ಖುಷಿಯಾಗಬೇಕಿತ್ತು. ಆಗಲಿಲ್ಲ. "ಯಾಕ್ರಿ?" ಅಂದೆ.

"ಅದು ನಡುವ ಐತ್ರಿ. ಹೊಸಾದು ತುಂಬ್ಕೊಳ್ಳಾಕ ಹಚ್ಚೀನಿ, ಇನ್ನೂ ಮುಗದಿಲ್ಲ. ನಡುವ ಆರಿದ್ರ ಮತ್ತ ಏಳಂಗಿಲ್ಲ. ಬ್ಯಾಟರಿ ಎರಡ ನಿಮಿಷ ತಡದ್ರ ಭಾಳ ಆತು. ವಯರ್ ಮ್ಯಾಲ ಜೀವಾ ಹಿಡದೈತಿ." ಒಮ್ಮೆ ಪರದೆ ನೋಡಿ, "ತರತೀನಿ. ವಯರ್ ಸಮೇತ ತರತೀನಿ. ದೇವರ ಮುಂದ ಇಡೂದು ಬ್ಯಾಡ ಅನ್ನಬಾರದು" ಎಂದು ಎದ್ದರು.

ಹೀಗೆ ಆ ಲ್ಯಾಪ್‌ಟಾಪು ಬಾಯಿ ತೆರೆದುಕೊಂಡೇ ದೇವರ ಮುಂದೆ ಕೂತಿತು. ಒಂದು ಕಡೆ ಈಳಿಗೆ, ಇನ್ನೊಂದು ಕಡೆ ಕುರ್ಪಿ, ನಡುವೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಓಟ. ಅಕ್ಕೋರು ಉಂಗುರದ ಬೆರಳಿನಿಂದ ಅದಕ್ಕೆ ಕುಂಕುಮವಿಟ್ಟರು. ಬೊಟ್ಟು ಸೊಟ್ಟಗಾಗುತ್ತದೆಯೇ ಎಂದು ನಾನು ನೋಡುತ್ತಿದ್ದೆ. ಆಗಲಿಲ್ಲ. "ವಯರ್ ಒಂದ ತಗೀಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎಡೆಗೆ ಹೋಳಿಗೆ ತರಲು ನನ್ನ ಹಿಂದೆ ಅಡುಗೆ ಮನೆಗೆ ಬಂದರು.

ನಾವು ಬರುವಷ್ಟರಲ್ಲಿ ಅತ್ತೆ ಗೋಡೆಯಲ್ಲಿದ್ದ ಪ್ಲಗ್ ಕಿತ್ತು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ, ಅದರ ಮೇಲೊಂದು ಚೆಂಡು ಹೂ ಇಟ್ಟಿದ್ದರು. ಪರದೆಯಲ್ಲಿ ಈಗ ಬರೀ ದೀಪದ ನೆರಳು.

"ಅತ್ತಿ, ಹೇಳಿದ್ರಲ್ಲ ಅಕ್ಕೋರು" ಅಂದೆ.

"ಕೇಳೇನಿ, ನನ್ನ ಕಿವಿ ಛಲೋ ಅದಾವ. ದುಡಿಯೂ ಸಾಮಾನು ದೇವರ ಮುಂದ ಕುಂತೂ ದುಡೀತೇನು? ನನ್ನ ಕುರ್ಪಿಗಿ ಒಂದು ನ್ಯಾಯ, ಆಕಿ ಮಶೀನಿಗಿ ಒಂದು ನ್ಯಾಯ ಇಲ್ಲ."

ಅಕ್ಕೋರು ಮೊಣಕಾಲೂರಿ ಕೂತರು. ಕೈ ಅದರ ಹತ್ತಿರ ಹೋಗಿ ಹಾಗೇ ಹಿಂದೆ ಬಂತು. ಪೂಜೆಗಿಟ್ಟ ಸಾಮಾನು, ಮುಟ್ಟುವಂತಿಲ್ಲ. ಬಾಯಿಬಾಯಿ ಬಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಆತು ಬಿಡ್ರಿ ಅವ್ವಾರ, ಇವತ್ತ ಅದಕ್ಕೂ ಸೂಟಿ" ಅಂದರು. ಎಲ್ಲರ ಜೊತೆ ಕೂತು ಹೋಳಿಗೆಯನ್ನೂ ಉಂಡರು. ಕದ್ದವಳಾಗಿದ್ದರೆ ಎತ್ತಿಕೊಂಡು ಓಡುತ್ತಿದ್ದಳು ಎಂದು ನನ್ನ ಅರ್ಧ ಮನಸ್ಸು ಹೇಳಿತು. ಜಾಣ ಕಳ್ಳಿ ಹೀಗೆಯೇ ಕೂತು ಉಣ್ಣುತ್ತಾಳೆ ಎಂದು ಇನ್ನರ್ಧ ಹೇಳಿತು.

ಮರುದಿನ ಸಂಜೆ ಬನ್ನಿ ತಂದ ಮೇಲೆ ಸಾಮಾನುಗಳಿಗೆ ಬಿಡುಗಡೆ. ಅಕ್ಕೋರು ಲ್ಯಾಪ್‌ಟಾಪನ್ನು ಮೇಲೆ ಒಯ್ಯಲಿಲ್ಲ. ಪಡಸಾಲೆಯಲ್ಲೇ ವಯರ್ ಹಚ್ಚಿ ಗುಂಡಿ ಒತ್ತಿದರು. ಅದು ಏಳಲಿಲ್ಲ. ಎರಡು ಸಾಲು ಇಂಗ್ಲಿಷ್ ತೋರಿಸಿ ನಿಂತುಬಿಟ್ಟಿತು. ಅವರು ಬಿಸಿ ಹಂಚು ಮುಟ್ಟಿದವರ ಹಾಗೆ ಬೆರಳ ತುದಿಗಳಿಗೆ ಉಫ್ ಎಂದು ಊದಿಕೊಂಡರು. ಕೆಲಸ ಹಿಡಿಯುವ ಮೊದಲು ಊದಿಕೊಳ್ಳುವುದು ಅವರ ರೂಢಿ. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಸೆರಗಿನಲ್ಲಿ ಪೆನ್‌ಡ್ರೈವ್ ಕಟ್ಟಿಕೊಂಡು ತಿರುಗುವ ಹೆಂಗಸನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಮೈದುನ ಇದಕ್ಕೇ ಕಾಯುತ್ತಿದ್ದ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಅಕ್ಕೋರ, ಇದರ ಬಿಲ್ ಐತೇನ್ರಿ?"

"ಇಲ್ರಿ."

"ಯಾರ ಹೆಸರಿಲೆ ತಗೊಂಡಿದ್ರಿ?"

ಅಕ್ಕೋರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವರ ಹೆಸರಿಲೆ. ಲಗ್ನದಾಗ ಬೇಡಿದ್ರು. ಇಂಥಾದ ಆಗಬೇಕು, ಇದಕ್ಕಿಂತ ಕಡಿಮಿದ ಒಲ್ಲೆ ಅಂದಿದ್ರು. ನಮ್ಮವ್ವ ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ಕೊಡಿಸಿದ್ಲು."

ಅತ್ತೆ ಬನ್ನಿ ಎಲೆ ಬಿಡಿಸುವುದನ್ನು ನಿಲ್ಲಿಸಿದರು.

"ಅಂದ್ರ ಇದು ನಿಮ್ಮ ಯಜಮಾನರದು" ಅಂದ ಮೈದುನ.

"ಅವರದ. ಹನ್ನೊಂದು ವರ್ಷ ಇದನ್ನ ನನಗ ಮುಟ್ಟಗೊಟ್ಟಿಲ್ಲ. ಮನಿ ಬಿಟ್ಟು ಬರುವಾಗ ಎತ್ತಿಕೊಂಡು ಬಂದೆ. ಕಳವು ಅಂದ್ರ ಕಳವು, ಏನರ ಅನ್ರಿ." ಬೆರಳು ಆಡುತ್ತಲೇ ಇದ್ದವು. "ಮೊದಲ ಗಂಗಾವತಿಗಿ ಅಣ್ಣನ ಮನಿಗಿ ಹೋದೆ. ಅಲ್ಲಿ ಬಂದ್ರು. ಅಣ್ಣನ ಮನಿ, ಗೊತ್ತಿದ್ದದ್ದ ಅಂದುಕೊಂಡೆ. ಕುಷ್ಟಗಿಗಿ ಗೆಳತಿ ಮನಿಗಿ ಹೋದೆ. ಯಾರಿಗೂ ಹೇಳಿರಲಿಲ್ಲ. ಸೀದಾ ಆ ಬಾಗಲಕ್ಕೂ ಬಂದು ನಿಂತ್ರು. ಓಣಿಯೊಳಗ ಯಾರನ್ನೂ ಒಂದ ಮಾತು ಕೇಳಲಿಲ್ಲ, ಸೀದಾ. ಗೆಳತಿ ಕಂಪ್ಯೂಟರ್ ಕಲಿಸಾಕಿ, ಆಕಿ ಹುಡುಕಿದ್ಲು. ಅವರ ಖಾತೆ ಇದರೊಳಗ ಇತ್ತು. ಇದನ್ನ ತೆರದಾಗೊಮ್ಮೆ ನಾ ಎಲ್ಲಿದ್ದೀನಿ ಅಂತ ಅವರ ಫೋನಿಗಿ ಹೇಳ್ತಿತ್ತು. ಅದಕ್ಕ ಬೇರ ಸಮೇತ ಅಳಿಸಿ ಇದನ್ನ ಹಾಕಿಕೊಂಡೆ. ಮೊದಲ ಸಲ ಪೂರಾ ಕೆಡಿಸಿದ್ದೆ. ಕಲತೆ."

"ಮಾರಿ ಕೈ ತೊಳಕೊಬೇಕಿತ್ರಿ" ಅಂದೆ. ಅನುಮಾನದ ಹೆಂಗಸು ಕೇಳದೆ ಇರುವುದು ಹೇಗೆ?

"ಪಾಟ್ಲಿ ಅಂತೂ ಹೋದ್ವು ವೈನಿ. ಅವ್ವನೂ ಹೋದ್ಲು. ಇದನ್ನೂ ಮಾರಿದ್ರ ನನ್ನ ಹತ್ರ ಏನ ಉಳೀತು?"

ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು ನಡೆದು ಅಕ್ಕೋರ ಎದುರು ಬಂದರು.

"ಎಂಥಾ ಪಾಟ್ಲಿ ಇದ್ವು?"

"ಸಾದಾನ ಅವ್ವಾರ. ಅವ್ವಗ ತವರಿನಾಗ ಇಟ್ಟಿದ್ದು."

"ಹಂಗಾರ ತವರಿನ ಸಾಮಾನು ತವರಿನ ಮಗಳ ಕೈಗಿ ಬಂದೈತಿ. ಇದಕ್ಕ ಕಳವು ಅನ್ನೂ ಮಗ ಯಾವನು?" ಮೈದುನ ತಲೆ ತಗ್ಗಿಸಿದ. ಅತ್ತೆ ಬನ್ನಿಯ ಎರಡು ಎಲೆಗಳನ್ನು ಆ ಅಕ್ಷರದ ಗುಂಡಿಗಳ ಪಕ್ಕದಲ್ಲಿ, ಅಂಗೈ ಊರುವ ಜಾಗದ ಎಡಕ್ಕೊಂದು ಬಲಕ್ಕೊಂದು ಇಟ್ಟರು. "ನಿನ್ನಿ ನಾ ಕಿತ್ತೀನಿ, ಇವತ್ತ ನಾ ಹೇಳ್ತೀನಿ, ಹಚ್ಚು ಅದನ್ನ. ಬನ್ನಿ ತಗೊಂಡು ಬಂಗಾರದಂಗ ಇರು."

ಅಕ್ಷರಗಳು ಮತ್ತೆ ಓಡತೊಡಗಿದಾಗ ಅಕ್ಕೋರು ಮೂಗು ಒರೆಸಿಕೊಂಡರು, ಅತ್ತೆಯ ಕಾಲು ಮುಟ್ಟಿದರು. ಮೈದುನ ಸುಮ್ಮನಿರಲಾರದೆ, "ಅಕ್ಕೋರ, ಸಾಲಿ ಸೂಟಿ ಇದ್ದಾಗ ನಮ್ಮ ಅಂಗಡಿಗಿ ಬರ್ರಿ, ನನಗ ಇದನ್ನ ಕಲಿಸ್ರಿ" ಅಂದ. "ಮೊದಲ ನಿಮ್ಮ ಬಾಯಿ ನಿಮ್ಮ ಮಾತು ಕೇಳಲಿ, ಆಮ್ಯಾಲ ಬರತೀನಿ" ಅಂದರು ಅಕ್ಕೋರು. ನಮ್ಮ ಮನೆಯವರು ನಕ್ಕದ್ದನ್ನು ಅಂದು ನೋಡಿದೆ. ಖೋಲಿ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಇಷ್ಟಾದರೂ ನನ್ನ ಹುಳ ಸಾಯಲಿಲ್ಲ. ಅಳುತ್ತಾ ಹೇಳಿದ್ದೆಲ್ಲ ನಿಜವಾಗಬೇಕೆಂದಿಲ್ಲ. ಗಂಡ ಹೇಗಿದ್ದನೋ, ಈಕೆ ಹೇಗಿದ್ದಳೋ, ಒಂದು ಕೈಯ ಚಪ್ಪಾಳೆ ನಾವು ಕೇಳಿದ್ದು. ಅಕ್ಕೋರು ಸಂಜೆ ನನ್ನ ಜೊತೆ ಅಕ್ಕಿ ಆರಿಸಲು ಕೂಡುತ್ತಿದ್ದರು; ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ರೊಟ್ಟಿಗೆ ನೆಂಚಿಕೊಳ್ಳುತ್ತಿದ್ದರು. ನಮ್ಮ ಭಜನೆಯ ಹೆಣ್ಣುಮಕ್ಕಳಿಗೆಂದು ಹಾಡುಗಳನ್ನು ಅದೇ ಲ್ಯಾಪ್‌ಟಾಪಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಚ್ಚು ಹಾಕಿಸಿ ತಂದರು. ಎಲ್ಲ ಹೌದು. ಆದರೂ ಮೇಲೆ ಗಾಡಿ ಸದ್ದಿಗೆ ಅರ್ಧ ಮುಖ ಕಂಡಾಗಲೆಲ್ಲ, ನಿಜವಾಗಿ ಅಂಜಿಕೆಯೋ ಅಥವಾ ರೂಢಿಯೋ ಎಂದು ನಾನು ಕೆಳಗಿನಿಂದ ನೋಡುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ. ಅಕ್ಕೋರು ಸಾಲಿಗೆ ಹೋಗಿದ್ದರು. ಓಣಿಯ ತುದಿಯ ಕಿರಾಣಿ ಅಂಗಡಿಯ ಮುಂದೆ ಒಂದು ಗಾಡಿ ನಿಂತಿತು. ಆಮೇಲೆ ಬಾವಿಯ ಹತ್ತಿರದ ಮನೆ. ಆಮೇಲೆ ನಮ್ಮ ಎದುರು ಮನೆ. ನಾನು ಹಪ್ಪಳ ಒಣಗಿಸುತ್ತಾ ನೋಡುತ್ತಿದ್ದೆ. ಕೊನೆಗೆ ಆ ಗಾಡಿಯವನು ನಮ್ಮ ಬಾಗಿಲಿಗೆ ಬಂದ. ಇಸ್ತ್ರಿ ಅಂಗಿ, ಮೆತ್ತನೆಯ ಮಾತು, ಕೈಯಲ್ಲಿ ಫೋನು.

"ಅಕ್ಕಾರ, ಈ ಕಡೆ ಯಾರರ ಒಬ್ಬಾಕಿ ಹೆಣಮಗಳು ಬಾಡಿಗಿಗಿ ಅದಾಳೇನ್ರಿ? ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಇರತೈತಿ ಆಕಿ ಹತ್ರ. ಭಾಳ ತುಟ್ಟಿದು."

ಹೆಂಡತಿಯ ಹೆಸರಿಗಿಂತ ಮೊದಲು ಲ್ಯಾಪ್‌ಟಾಪಿನ ಬಣ್ಣ ಹೇಳಿದ. ನನಗೆ ಅಷ್ಟು ಸಾಕಾಯಿತು.

ನಾನು ದೇವರ ಮುಂದೆ ಸುಳ್ಳು ಹೇಳುವವಳಲ್ಲ. ಬಾಗಿಲಲ್ಲಿ ನಿಂತಿದ್ದೆ, ದೇವರ ಕೋಣೆ ಒಳಗಿತ್ತು. ನೀರು ಕೇಳಿದ, ಕೊಟ್ಟೆ. ಆಮೇ‌ಲೆ ಶುರು ಮಾಡಿದೆ. ಯಾವ ಊರು, ಯಾರ ಪೈಕಿ, ಆಕೆ ನಿಮಗೆ ಏನಾಗಬೇಕು, ಸ್ವಂತ ಹೆಂಡತಿಯಾದರೆ ಎಲ್ಲಿದ್ದಾಳೆಂದು ಓಣಿ ಓಣಿ ಯಾಕೆ ಕೇಳಬೇಕು, ಅಷ್ಟು ತುಟ್ಟಿ ಲ್ಯಾಪ್‌ಟಾಪು ಯಾರು ಕೊಡಿಸಿದ್ದರು. ಕೊನೆಯದನ್ನು ಕೇಳಿದ್ದೇ ಅವನು ಮಾಳಿಗೆಯ ಮೇಲೆ ಒಣಗುತ್ತಿದ್ದ ಸೀರೆಯ ಕಡೆ ಕಣ್ಣು ಹಾಯಿಸಿದ.

"ಅದು ಯಾರದ್ರಿ?"

ಒಳಗಿನಿಂದ ಅತ್ತೆಯ ದನಿ ಬಂತು. "ನಂದ. ಯಾಕ, ಉಡಾಂವೇನು?"

ಅವನು ಲೋಟ ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದ. ಮುಂದಿನ ಮನೆಯ ಬಾಗಿಲಿಗೂ ನಿಂತ. ಅದರ ಮುಂದಿನದಕ್ಕೂ. ಓಣಿಯಲ್ಲಿ ಯಾರೂ ಹೇಳಲಿಲ್ಲ. ಅವರಿಗೆ ಬನ್ನಿಯ ಸಂಜೆಯ ಕತೆ ಅತ್ತೆಯ ಬಾಯಿಂದ ಎಂದೋ ತಲುಪಿತ್ತು.

ಸಂಜೆ ಅಕ್ಕೋರು ಬಂದಾಗ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತರು. ಚೀಲವನ್ನು ಎದೆಗವಚಿಕೊಂಡು, "ಮತ್ತ ಹೇಳೇತೇನ್ರಿ ಇದು, ವೈನಿ? ಎಲ್ಲಾ ಅಳಿಸಿದ್ದೆ. ಎಲ್ಲಿ ಉಳದಿತ್ತು?" ಅಂದರು.

"ಅದು ಏನೂ ಹೇಳಿಲ್ಲ" ಅಂದೆ. "ಅಂಗಡಿಯಾಗ ಕೇಳಿದ, ಬಾವಿ ಹತ್ರ ಕೇಳಿದ, ಎದುರಮನ್ಯಾಗ ಕೇಳಿದ, ಆಮ್ಯಾಲ ನಮ್ಮ ಬಾಗಲಿಗಿ ಬಂದ. ನಮ್ಮನ್ನ ದಾಟಿ ಮುಂದಿನ ಮನಿಗೂ ಹೋದ. ಕುಷ್ಟಗಿಯಾಗ ಸೀದಾ ಬಂದಿದ್ದ ಅಂದಿದ್ರಲ್ಲ. ಇಲ್ಲಿ ಸೀದಾ ಬರಲಿಲ್ಲ ಅಕ್ಕೋರ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಚೀಲದೊಳಗೆ ಕೈ ಹಾಕಿ, ರೊಟ್ಟಿಯ ಅರಿವೆಯ ಕೆಳಗೆ ಇದ್ದ ಅದನ್ನು ಎರಡು ಸಲ ತಟ್ಟಿದರು.

ನಾನು ಒಳಗೆ ಹೋಗಿ ದೀಪ ಹಚ್ಚಿದೆ. ಎಣಿಸಿ ಕೈ ಮುಗಿದೆ. ನಳ ಬಂದಿತ್ತು. ಹಪ್ಪಳ ಒಣಗಿದ್ದವು. ಒಬ್ಬ ಗಂಡಸು ದಾರಿ ಕೇಳಿಕೊಂಡು ಬಂದಿದ್ದ.